ಆಜ್ಞೆಗೆ ಮುನ್ನ ಅವಲೋಕನ: ಗಣಕಯಂತ್ರದ ನಿತ್ಯಪಾಲನೆಗೆ ಕೆಲವು ಪಾಠಗಳು

ಕಾಲುವೆಯ ತೂಬನ್ನು ಕಾಯುವವನು ಬೆಳಿಗ್ಗೆ ಮೊದಲು ಮಾಡುವ ಕೆಲಸ ತೂಬನ್ನು ಎತ್ತುವುದಲ್ಲ. ನೀರಿನಲ್ಲಿ ನಿಲ್ಲಿಸಿರುವ ಅಳತೆಯ ಪಟ್ಟಿಯನ್ನು ಅವನು ನೋಡುತ್ತಾನೆ. ಮೇಲಿನಿಂದ ಎಷ್ಟು ನೀರು ಬರುತ್ತಿದೆ, ಕೆಳಗೆ ಎಷ್ಟು ಹೋಗಬೇಕು ಎಂಬುದನ್ನು ಲೆಕ್ಕಹಾಕುತ್ತಾನೆ. ತರುವಾಯ ಹಿಡಿಗೆ ಕೈ ಹಚ್ಚುತ್ತಾನೆ. ತುಂಗಭದ್ರೆಯ ಎಡದಂಡೆ ಕಾಲುವೆಯ ಸೀಮೆಯಾದ ಸಿಂಧನೂರು ತಾಲ್ಲೂಕಿನ ಜನರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ನೋಡದೆ ಎತ್ತಿದ ತೂಬು ಒಬ್ಬನ ಗದ್ದೆಯನ್ನು ಕೊಚ್ಚಿಸಿ, ಕಾಲುವೆಯ ಕೊನೆಯಲ್ಲಿರುವ ಇನ್ನೊಬ್ಬನ ಗದ್ದೆಯನ್ನು ಒಣಗಿಸೀತೆಂಬುದು ಅವರ ಅನುಭವ.

ಇಂದು ಅದೇ ರೈತರ ಬಾಳಿನ ಬಹುಭಾಗ ಇನ್ನೊಂದು ಬಗೆಯ ಕಾಲುವೆಯಲ್ಲಿ ಹರಿಯುತ್ತಿದೆ. ಈ ಶತಮಾನದ ಆರಂಭದಲ್ಲಿ ನಡೆದ ‘ಭೂಮಿ’ ಯೋಜನೆಯಿಂದ ಕರ್ನಾಟಕದ ಸುಮಾರು ೬೭ ಲಕ್ಷ ಭೂಮಾಲಿಕರ ಸುಮಾರು ೨ ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿದವು. ಆ ಬಳಿಕ ಬೆಳೆಯ ತೂಕ, ಸಾಲದ ಲೆಕ್ಕ, ಶಾಲೆಯ ಹಾಜರಿ ಎಲ್ಲವೂ ಅದೇ ದಾರಿ ಹಿಡಿದಿವೆ. ದೊಡ್ಡ ಯಂತ್ರಗಳನ್ನು ನೋಡಿಕೊಳ್ಳಲು ತಜ್ಞರಿರುತ್ತಾರೆ. ಹಳ್ಳಿಯ ಕಚೇರಿಯೊಂದರ ಮೂಲೆಯಲ್ಲಿರುವ ಒಂಟಿ ಯಂತ್ರಕ್ಕೆ, ಅದರ ಮುಂದೆ ಕುಳಿತವನೇ ತಜ್ಞ. ಈ ಲೇಖನ ಅಂಥವನಿಗಾಗಿ.

ಒಂದು ಸಂದರ್ಭವನ್ನು ಊಹಿಸಿಕೊಳ್ಳೋಣ. ಸಾಲಗುಂದದಲ್ಲಿ ಭತ್ತದ ತೂಕದ ಲೆಕ್ಕವನ್ನಿಡುವ ಒಂದು ಸಣ್ಣ ಕಚೇರಿ ಇದೆಯೆಂದು ಭಾವಿಸೋಣ. ಸುಗ್ಗಿಯ ಒಂದು ಮುಂಜಾನೆ. ಹೊರಗೆ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿವೆ. ಯಂತ್ರವು ಹೊಸ ಚೀಟಿಯನ್ನು ಬರೆಯಲೊಲ್ಲದು. ‘ಡಿಸ್ಕಿನಲ್ಲಿ ಸ್ಥಳ ಉಳಿದಿಲ್ಲ’ ಎಂಬರ್ಥದ ಸಾಲೊಂದು ಪರದೆಯ ಮೇಲೆ ಮೂಡಿದೆ. ಗುಮಾಸ್ತನಾದ ತರುಣನು ಹೊರಗಿನ ಗದ್ದಲಕ್ಕೆ ಕಂಗಾಲಾಗಿ, ಕಳೆದ ವರ್ಷದ ಲೆಕ್ಕವನ್ನು ಅಳಿಸಿದರೆ ಜಾಗವಾದೀತೆಂದು ಯೋಚಿಸುತ್ತಾನೆ. ಆ ಲೆಕ್ಕದಲ್ಲಿ ಇನ್ನೂ ಹಣ ಸಂದಾಯವಾಗದ ರೈತರ ಹೆಸರುಗಳಿವೆ. ಅವನ ಬೆರಳು ಕೀಲಿಮಣೆಯ ಮೇಲಿದೆ. ಅವನನ್ನು ಅಲ್ಲಿಯೇ ತಡೆದು, ನಾವು ಪಾಠವನ್ನು ಆರಂಭಿಸೋಣ.

ಆಜ್ಞಾಸಾಲು ಎಂದರೇನು?

ಗಣಕಯಂತ್ರವನ್ನು ನಡೆಸಲು ಎರಡು ದಾರಿಗಳುಂಟು. ಪರದೆಯ ಮೇಲಿನ ಚಿತ್ರಗಳನ್ನು ಮೌಸಿನಿಂದ ಒತ್ತುವುದು ಒಂದು. ಕೀಲಿಮಣೆಯಿಂದ ಒಂದು ಸಾಲಿನ ಆಜ್ಞೆಯನ್ನು ಬರೆದು, ‘ಎಂಟರ್’ ಕೀಲಿಯನ್ನೊತ್ತುವುದು ಇನ್ನೊಂದು. ಎರಡನೆಯದೇ ಆಜ್ಞಾಸಾಲು. ಅದರ ಇಂದಿನ ರೂಪಕ್ಕೆ ತಳಹದಿಯಾದದ್ದು ೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಮ್ಸನ್ ಮತ್ತು ಡೆನಿಸ್ ರಿಚಿ ಅವರು ಆರಂಭಿಸಿದ ‘ಯುನಿಕ್ಸ್’ ವ್ಯವಸ್ಥೆ. ೧೯೯೧ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ರಚಿಸಲು ತೊಡಗಿದ ‘ಲಿನಕ್ಸ್’ ಅದೇ ಸಂಪ್ರದಾಯದ್ದು. ನಮ್ಮ ಕಚೇರಿಯ ಯಂತ್ರದಲ್ಲಿಯೂ ಲಿನಕ್ಸ್ ಇದೆಯೆಂದಿಟ್ಟುಕೊಳ್ಳೋಣ.

ಈ ಆಜ್ಞೆಗಳ ಹೆಸರುಗಳು ಎರಡು ಮೂರು ಅಕ್ಷರಗಳಷ್ಟು ಮೊಟಕಾಗಿರುವುದೇಕೆ? ಅಂದಿನ ಟೆಲಿಟೈಪ್ ಯಂತ್ರಗಳು ಸೆಕೆಂಡಿಗೆ ಸುಮಾರು ೧೦ ಅಕ್ಷರಗಳನ್ನಷ್ಟೇ ಮುದ್ರಿಸಬಲ್ಲವಾಗಿದ್ದವು. ಮಾತು ಕಡಮೆಯಾದಷ್ಟೂ ಕೆಲಸ ಬೇಗ. ಅದೇ ಕಾರಣದಿಂದ ಇನ್ನೊಂದು ಪದ್ಧತಿಯೂ ಬೆಳೆಯಿತು: ಆಜ್ಞೆ ನೆರವೇರಿದರೆ ಯಂತ್ರ ಸುಮ್ಮನಿರುತ್ತದೆ, ಕೆಟ್ಟರೆ ಮಾತ್ರ ಮಾತಾಡುತ್ತದೆ. ಸಾವಿರ ಕಡತಗಳನ್ನು ಅಳಿಸಿದಾಗಲೂ ಅದು ಸುಮ್ಮನೆಯೇ ಇರುತ್ತದೆ. ಆದಕಾರಣ ನೋಡುವ ಹೊಣೆ ಮನುಷ್ಯನದು.

ಆಜ್ಞೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಉಚ್ಚಾರದಂತೆ ಬರೆದಿದೆ. ಯಂತ್ರಕ್ಕೆ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿಯೂ ಅಂಕಿಗಳಲ್ಲಿಯೂ ಕೊಡತಕ್ಕದ್ದು. ನಡುವಿನ ತೆರಪು, ಅಡ್ಡಗೆರೆ, ಚುಕ್ಕೆ ಮೊದಲಾದ ಗುರುತುಗಳು ಇಲ್ಲಿರುವಂತೆಯೇ ಇರಬೇಕು. ಒಂದು ತೆರಪು ಹೆಚ್ಚಾದರೆ ಎಂಥ ಅನರ್ಥವಾಗುವುದೆಂಬುದನ್ನು ಮುಂದೆ ನೋಡುವೆವು.

ನಾನು ಎಲ್ಲಿದ್ದೇನೆ?

ಮೊದಲ ಆಜ್ಞೆ ‘ಪಿಡಬ್ಲ್ಯುಡಿ’. ನಮ್ಮವರಿಗೆ ಈ ಮೂರಕ್ಷರ ಕೇಳಿದೊಡನೆ ಲೋಕೋಪಯೋಗಿ ಇಲಾಖೆಯ ನೆನಪಾಗುವುದು ಸಹಜ. ಯಂತ್ರಕ್ಕಾದರೋ ಅದರ ಅರ್ಥ ಬೇರೆ: ‘ನಾನೀಗ ಯಾವ ಕಡತಕೋಶದಲ್ಲಿ ನಿಂತಿದ್ದೇನೆ, ಹೇಳು’. ‘ಹೂಆಮ್‌ಐ’ ಎಂದರೆ ಯಾರ ಹೆಸರಿನಲ್ಲಿ ಕೆಲಸ ನಡೆದಿದೆಯೆಂಬುದು ತಿಳಿಯುತ್ತದೆ. ‘ಹೋಸ್ಟ್‌ನೇಮ್’ ಎಂದರೆ ಯಾವ ಯಂತ್ರದ ಮುಂದೆ ಇದ್ದೇವೆಂಬುದು ತಿಳಿಯುತ್ತದೆ.

ಎದುರಿಗೇ ಇರುವ ಯಂತ್ರದ ಹೆಸರನ್ನು ಕೇಳಬೇಕೆ ಎಂದು ಓದುಗರು ನಗಬಹುದು. ಒಂದೇ ಪರದೆಯಿಂದ ದೂರದ ಹಲವು ಯಂತ್ರಗಳನ್ನು ನಡೆಸುವುದು ಇಂದು ಸಾಮಾನ್ಯ ಸಂಗತಿ. ೨೦೧೭ರ ಜನವರಿ ೩೧ರಂದು, ತಂತ್ರಾಂಶಗಳನ್ನು ಸಂಗ್ರಹಿಸಿಡುವ ‘ಗಿಟ್‌ಲ್ಯಾಬ್’ ಸಂಸ್ಥೆಯ ಎಂಜಿನಿಯರೊಬ್ಬರು ಉಪಯಂತ್ರದಲ್ಲಿದ್ದೇನೆಂದು ಭಾವಿಸಿ, ಮುಖ್ಯಯಂತ್ರದಲ್ಲಿದ್ದ ದತ್ತಕೋಶವನ್ನೇ ಅಳಿಸುವ ಆಜ್ಞೆ ಕೊಟ್ಟರು. ಒಂದೆರಡು ಸೆಕೆಂಡುಗಳಲ್ಲಿ ಎಚ್ಚೆತ್ತು ತಡೆದರೂ, ಸುಮಾರು ೩೦೦ ಗಿಗಾಬೈಟುಗಳಲ್ಲಿ ಉಳಿದದ್ದು ಸುಮಾರು ೪.೫ ಮಾತ್ರ. ಆಗ ಕಾಪುಪ್ರತಿಗಳನ್ನು ಹುಡುಕಿದರೆ, ಏರ್ಪಡಿಸಿದ್ದ ಹಲವು ವಿಧಾನಗಳು ಕೆಲಸವನ್ನೇ ಮಾಡುತ್ತಿರಲಿಲ್ಲವೆಂಬುದು ಬೆಳಕಿಗೆ ಬಂದಿತು. ಬೇರೊಂದು ಉದ್ದೇಶಕ್ಕಾಗಿ ಆರು ಗಂಟೆಗಳ ಹಿಂದೆ ತೆಗೆದಿದ್ದ ಒಂದು ಪ್ರತಿ ಅವರನ್ನು ಉಳಿಸಿತು. ಆ ಆರು ಗಂಟೆಗಳ ದತ್ತಾಂಶ ಮಾತ್ರ ಮರಳಿ ಬರಲಿಲ್ಲ. ಪಳಗಿದವರಿಗೇ ಹೀಗಾಗುವುದಾದರೆ ನಮ್ಮ ಗುಮಾಸ್ತನು ‘ಎಲ್ಲಿದ್ದೇನೆ’ ಎಂದು ಕೇಳಿಕೊಳ್ಳುವುದರಲ್ಲಿ ನಾಚಿಕೆಯೇನೂ ಇಲ್ಲ.

ಇದಕ್ಕೆ ಸೇರಿದ ಇನ್ನೊಂದು ಮಾತು. ಯಂತ್ರದಲ್ಲಿ ‘ರೂಟ್’ ಎಂಬ ಸರ್ವಾಧಿಕಾರಿಯ ಹೆಸರಿದೆ. ಆ ಹೆಸರಿನಲ್ಲಿ ಕೊಟ್ಟ ಆಜ್ಞೆಗೆ ಅಡ್ಡಿಯೆಂಬುದೇ ಇಲ್ಲ. ನಿತ್ಯದ ಕೆಲಸವನ್ನು ಸಾಮಾನ್ಯನ ಹೆಸರಿನಲ್ಲಿ ಮಾಡಿ, ತೀರ ಅವಶ್ಯವಾದಾಗ ಮಾತ್ರ ‘ಸೂಡು’ ಎಂಬ ಪದವನ್ನು ಆಜ್ಞೆಯ ಮುಂದಿಟ್ಟು ಆ ಅಧಿಕಾರವನ್ನು ಎರವಲು ಪಡೆಯುವುದು ಕ್ಷೇಮ.

ಜಾಗವನ್ನು ನುಂಗಿದ್ದು ಯಾವುದು?

ಈಗ ಗುಮಾಸ್ತನ ತೊಂದರೆಗೆ ಬರೋಣ. ‘ಡಿಎಫ್ -ಎಚ್’ ಎಂಬುದು ಡಿಸ್ಕಿನ ಅಳತೆಯ ಪಟ್ಟಿ. ಒಟ್ಟು ಜಾಗವೆಷ್ಟು, ತುಂಬಿದ್ದೆಷ್ಟು, ಉಳಿದದ್ದೆಷ್ಟು ಎಂಬುದನ್ನು ಅದು ತೋರಿಸುತ್ತದೆ. ‘ನೂರಕ್ಕೆ ನೂರು’ ಎಂದು ಅದು ಹೇಳಿದರೆ ಡಿಸ್ಕು ತುಂಬಿರುವುದು ನಿಜ. ಜಾಗವಿದ್ದೂ ಯಂತ್ರ ಬರೆಯಲು ಒಲ್ಲದಿದ್ದರೆ ‘ಡಿಎಫ್ -ಐ’ ಎಂದು ಕೇಳಬೇಕು. ಪ್ರತಿಯೊಂದು ಕಡತಕ್ಕೂ ಡಿಸ್ಕಿನಲ್ಲಿ ಒಂದು ಗುರುತಿನ ಚೀಟಿ ಬೇಕು. ಕೋಟ್ಯಂತರ ಪುಟ್ಟ ಕಡತಗಳು ಸೇರಿದರೆ ಜಾಗ ತೀರುವ ಮೊದಲೇ ಚೀಟಿಗಳು ತೀರಬಹುದು.

ಡಿಸ್ಕು ತುಂಬಿದೆಯೆಂದು ತಿಳಿದರೆ ಸಾಲದು, ತುಂಬಿದವರಾರೆಂದು ತಿಳಿಯಬೇಕು. ಅದಕ್ಕೆ ‘ಡಿಯು -ಎಸ್‌ಎಚ್ *’ ಎಂಬ ಆಜ್ಞೆ ಇದೆ. ನಾವು ನಿಂತಿರುವ ಕೋಶದ ಒಂದೊಂದು ವಸ್ತುವಿನ ಗಾತ್ರವನ್ನೂ ಅದು ಹೇಳುತ್ತದೆ. ಇಲ್ಲಿ ನಕ್ಷತ್ರದ ಗುರುತು ‘ಎಲ್ಲವೂ’ ಎಂಬುದರ ಸಂಕೇತ. ಪಟ್ಟಿ ಉದ್ದವಾದರೆ ಹೀಗೆ ಬರೆಯಬಹುದು:

‘ಡಿಯು -ಎಸ್‌ಎಚ್ * | ಸಾರ್ಟ್ -ಎಚ್ | ಟೇಲ್’

ನಡುವಿನ ನೆಟ್ಟಗೆರೆ ಒಂದು ಕೊಳವೆ. ಮೊದಲ ಆಜ್ಞೆಯಿಂದ ಹೊರಬಂದದ್ದು ಎರಡನೆಯದಕ್ಕೆ ಹರಿಯುತ್ತದೆ. ಅದು ಗಾತ್ರದಂತೆ ಅಣಿಗೊಳಿಸುತ್ತದೆ. ಮೂರನೆಯದು ಕೊನೆಯ ೧೦ ಸಾಲುಗಳನ್ನು, ಎಂದರೆ ಅತಿ ದೊಡ್ಡ ಹತ್ತನ್ನು, ಮಾತ್ರ ತೋರಿಸುತ್ತದೆ. ತೋಟಕ್ಕೆ ನೀರುಣಿಸುವ ಕೊಳವೆಯ ತುಂಡುಗಳಂತೆ ಕ್ರಮವಿಧಿಗಳನ್ನು ಒಂದಕ್ಕೊಂದು ಜೋಡಿಸುವಂತಿರಬೇಕೆಂದು ಬೆಲ್ ಪ್ರಯೋಗಾಲಯದ ಡಗ್ಲಸ್ ಮ್ಯಾಕ್‌ಇಲ್ರಾಯ್ ೧೯೬೪ರಲ್ಲಿಯೇ ಸೂಚಿಸಿದ್ದರು. ೧೯೭೩ರಲ್ಲಿ ಥಾಮ್ಸನ್ ಅದನ್ನು ಯುನಿಕ್ಸಿನಲ್ಲಿ ಸಾಧಿಸಿದರು. ದೊಡ್ಡ ಕಾಲುವೆಯಿಂದ ಉಪಕಾಲುವೆಗೆ, ಉಪಕಾಲುವೆಯಿಂದ ಹೊಲಗಾಲುವೆಗೆ ನೀರು ಇಳಿಯುವುದನ್ನು ದಿನವೂ ಕಾಣುವವರಿಗೆ ಈ ಉಪಾಯವು ಹೊಸತಾಗಿ ತೋರದು.

ನಮ್ಮ ಕಚೇರಿಯಲ್ಲಿ ಈ ಪರೀಕ್ಷೆ ಮಾಡಿದಾಗ ಕಂಡದ್ದೇನು? ೨೫೦ ಗಿಗಾಬೈಟಿನ ಡಿಸ್ಕಿನಲ್ಲಿ ಕಳೆದ ವರ್ಷದ ಲೆಕ್ಕದ ಪಾಲು ೨ ಗಿಗಾಬೈಟು ಮಾತ್ರ! ಗುಮಾಸ್ತನು ಅದನ್ನು ಅಳಿಸಿದ್ದರೆ ರೈತರ ಹಣ ಮುಳುಗುತ್ತಿತ್ತು, ತೊಂದರೆ ತೀರುತ್ತಿರಲಿಲ್ಲ. ಸುಮಾರು ೧೮೦ ಗಿಗಾಬೈಟುಗಳನ್ನು ನುಂಗಿ ಕುಳಿತದ್ದು ತೂಕದ ಕ್ರಮವಿಧಿಯು ತನ್ನ ಆಗುಹೋಗುಗಳನ್ನು ಬರೆದಿಡುವ ದಿನಚರಿಯ ಕಡತ.

ಅದರಲ್ಲೇನಿದೆ? ಇಷ್ಟು ದೊಡ್ಡ ಕಡತವನ್ನು ಇಡಿಯಾಗಿ ತೆರೆಯಲೆಳಸಬಾರದು. ‘ಟೇಲ್’ ಎಂದು ಬರೆದು ಕಡತದ ಹೆಸರನ್ನು ಕೊಟ್ಟರೆ ಕೊನೆಯ ಸಾಲುಗಳು ಕಾಣುತ್ತವೆ. ‘ಟೇಲ್ -ಎಫ್’ ಎಂದರೆ ಹೊಸ ಸಾಲುಗಳು ಬಂದಂತೆಲ್ಲ ಪರದೆಯಲ್ಲಿ ಮೂಡುತ್ತವೆ. ಸಾಕೆನಿಸಿದಾಗ ‘ಕಂಟ್ರೋಲ್’ ಮತ್ತು ‘ಸಿ’ ಕೀಲಿಗಳನ್ನು ಒಟ್ಟಿಗೆ ಒತ್ತಬೇಕು. ಪುಟ ಪುಟವಾಗಿ ಓದಲು ‘ಲೆಸ್’, ಬೇಕಾದ ಪದವುಳ್ಳ ಸಾಲುಗಳನ್ನಷ್ಟೇ ಆಯ್ದುಕೊಳ್ಳಲು ‘ಗ್ರೆಪ್’ ಇವೆ. ಇವೆಲ್ಲ ನೋಡುವ ಆಜ್ಞೆಗಳು. ಇವುಗಳಿಂದ ಯಾವ ಕಡತಕ್ಕೂ ಕೇಡಿಲ್ಲ.

ಹಾಗೆ ನೋಡಿದಾಗ, ಎಂದೋ ಮೂಲೆಗೆ ಸರಿಸಿದ ಹಳೆಯ ಮುದ್ರಣಯಂತ್ರ ಸಿಗಲಿಲ್ಲವೆಂಬ ಒಂದೇ ದೂರನ್ನು ಕ್ರಮವಿಧಿಯು ಎಡೆಬಿಡದೆ ಬರೆಯುತ್ತಿದ್ದುದು ಗೊತ್ತಾಯಿತು. ಸೆಕೆಂಡಿಗೆ ೫೦೦ ಸಾಲು, ಸಾಲಿಗೆ ೧೦೦ ಬೈಟು ಎಂದಿಟ್ಟುಕೊಂಡರೆ, ೮೬,೪೦೦ ಸೆಕೆಂಡುಗಳ ಒಂದು ದಿನಕ್ಕೆ ೪೩೨ ಕೋಟಿ ಬೈಟುಗಳಾದವು. ಒಂದೂವರೆ ತಿಂಗಳಿಗೆ ಡಿಸ್ಕು ತುಂಬಲು ಇಷ್ಟೇ ಸಾಕು. ರೋಗದ ಮೂಲ ಮುದ್ರಣಯಂತ್ರದ ಹೆಸರಿನಲ್ಲಿತ್ತು. ಜಾಗದ ಅಭಾವ ಅದರ ಲಕ್ಷಣ ಮಾತ್ರ. ಆ ಹೆಸರನ್ನು ತೆಗೆಯದೆ ಕಡತವನ್ನಷ್ಟೇ ಅಳಿಸಿದ್ದರೆ ಮತ್ತೆ ಒಂದೂವರೆ ತಿಂಗಳಲ್ಲಿ ಇದೇ ಮುಂಜಾನೆ ಮರುಕಳಿಸುತ್ತಿತ್ತು.

ಅಳಿಸುವ ಕಲೆ

ಅಳಿಸುವ ಆಜ್ಞೆ ‘ಆರ್‌ಎಂ’. ಇದರಿಂದ ಹೋದ ಕಡತ ಕಸದ ಬುಟ್ಟಿಯಲ್ಲಿ ಸಿಗುವುದಿಲ್ಲ. ಆಜ್ಞಾಸಾಲಿಗೆ ಕಸದ ಬುಟ್ಟಿಯೇ ಇಲ್ಲ. ಹಳೆಯ ದಿನಚರಿಗಳನ್ನೆಲ್ಲ ತೆಗೆಯಲು ‘ಆರ್‌ಎಂ *.ಲಾಗ್’ ಎಂದು ಬರೆಯಬೇಕೆಂದಿರಲಿ. ಕೈತಪ್ಪಿ ನಕ್ಷತ್ರದ ಮುಂದೆ ಒಂದು ತೆರಪು ಬಿದ್ದು ‘ಆರ್‌ಎಂ * .ಲಾಗ್’ ಎಂದಾದರೆ, ಯಂತ್ರವು ಅದನ್ನು ‘ಎಲ್ಲವನ್ನೂ ಅಳಿಸು, ಮತ್ತು ಚುಕ್ಕೆಲಾಗ್ ಎಂಬ ಕಡತವನ್ನೂ ಅಳಿಸು’ ಎಂದು ಅರ್ಥಮಾಡಿಕೊಳ್ಳುತ್ತದೆ. ಒಂದು ತೆರಪಿನ ಬೆಲೆ ಇಡೀ ಕೋಶ!

ಇದನ್ನು ತಪ್ಪಿಸುವ ಸುಲಭೋಪಾಯವೊಂದಿದೆ. ಮೊದಲು ‘ಎಲ್‌ಎಸ್ *.ಲಾಗ್’ ಎಂದು ಬರೆಯಿರಿ. ‘ಎಲ್‌ಎಸ್’ ಬರಿದೆ ಹೆಸರುಗಳನ್ನು ತೋರಿಸುವ ಆಜ್ಞೆ. ಅಳಿಯತಕ್ಕ ಹೆಸರುಗಳೇ ಬಂದವೆಂದು ಖಚಿತವಾದ ಮೇಲೆ ಮೇಲ್ಮುಖ ಬಾಣದ ಕೀಲಿಯನ್ನೊತ್ತಿದರೆ ಅದೇ ಸಾಲು ಮರಳಿ ಬರುತ್ತದೆ. ಅದರ ಮೊದಲ ಎರಡಕ್ಷರಗಳನ್ನು ಮಾತ್ರ ‘ಆರ್‌ಎಂ’ ಎಂದು ತಿದ್ದಿರಿ. ನೋಡಿದ್ದನ್ನೇ ಅಳಿಸುವಿರಿ, ಮರಳಿ ಬರೆಯುವಾಗ ಆಗಬಹುದಾದ ತಪ್ಪಿಗೆ ಎಡೆಯಿಲ್ಲ. ‘ಆರ್‌ಎಂ -ಐ’ ಎಂದರೆ ಒಂದೊಂದು ಕಡತಕ್ಕೂ ಅಪ್ಪಣೆ ಕೇಳುತ್ತದೆ. ಸಂಶಯವಿದ್ದರೆ ಅಳಿಸುವುದೇ ಬೇಡ. ‘ಎಂವಿ’ ಆಜ್ಞೆಯಿಂದ ಬೇರೊಂದು ಡಿಸ್ಕಿನ ಕೋಶಕ್ಕೆ ಸಾಗಿಸಿ, ತಿಂಗಳೊಪ್ಪತ್ತು ಕಾದು ನೋಡಿ.

ಹಳೆಯವನ್ನು ಮಾತ್ರ ಹುಡುಕಲು ‘ಫೈಂಡ್’ ಇದೆ. ‘ಫೈಂಡ್ . -ನೇಮ್ '*.ಲಾಗ್' -ಎಂಟೈಮ್ +೩೦’ ಎಂದರೆ, ಇಲ್ಲಿಂದ ಕೆಳಗಿನ ಎಲ್ಲ ಕೋಶಗಳಲ್ಲಿ ತಿದ್ದಿ ೩೦ ದಿನ ಮೀರಿದ ದಿನಚರಿಗಳ ಪಟ್ಟಿ ಬರುತ್ತದೆ. ಪಟ್ಟಿಯನ್ನು ಓದಿ ಒಪ್ಪಿದ ಮೇಲೆ ಅದೇ ಸಾಲಿನ ತುದಿಗೆ ‘-ಡಿಲೀಟ್’ ಎಂದು ಸೇರಿಸಬಹುದು. ಸೇರಿಸುವ ಸ್ಥಳ ತುದಿಯೇ ಆಗಿರಬೇಕು. ಹೆಸರಿನ ನಿಬಂಧನೆಗಿಂತ ಮೊದಲು ಅದನ್ನಿಟ್ಟರೆ, ನಿಬಂಧನೆಯನ್ನು ಓದುವ ಮೊದಲೇ ಯಂತ್ರ ಅಳಿಸಲು ತೊಡಗುತ್ತದೆ.

ಕಡತವನ್ನು ಅಳಿಸಿಯೂ ‘ಡಿಎಫ್’ ಹೇಳುವ ಲೆಕ್ಕ ಇಳಿಯದಿರುವುದುಂಟು. ಅನೇಕರು ಗಾಬರಿಗೊಂಡು ಮತ್ತಷ್ಟನ್ನು ಅಳಿಸುವುದು ಆಗಲೇ. ಇದಕ್ಕೆ ಕಾರಣವೇನು? ಯುನಿಕ್ಸ್ ಸಂಪ್ರದಾಯದಲ್ಲಿ ಕಡತವೇ ಬೇರೆ, ಅದರ ಹೆಸರೇ ಬೇರೆ. ‘ಆರ್‌ಎಂ’ ಕೀಳುವುದು ಹೆಸರಿನ ಫಲಕವನ್ನು ಮಾತ್ರ. ಯಾವುದಾದರೂ ಕ್ರಮವಿಧಿಯು ಆ ಕಡತವನ್ನು ತೆರೆದಿಟ್ಟುಕೊಂಡಿದ್ದರೆ, ಅದು ಕೈಬಿಡುವವರೆಗೆ ಜಾಗ ಬಿಡುಗಡೆಯಾಗದು. ಬಾಗಿಲ ಮೇಲಿನ ಹೆಸರನ್ನು ಕಿತ್ತ ಮಾತ್ರಕ್ಕೆ ಮನೆಯೊಳಗಿದ್ದವನು ಹೊರಗೆ ಬಾರನಷ್ಟೆ. ‘ಎಲ್‌ಎಸ್‌ಒಎಫ್ +ಎಲ್೧’ ಎಂಬ ಆಜ್ಞೆ (ಎರಡನೆಯ ಭಾಗದ ‘ಎಲ್’ ದೊಡ್ಡಕ್ಷರವಾಗಿರಬೇಕು) ಇಂಥ ಹೆಸರಿಲ್ಲದ ಕಡತಗಳನ್ನೂ ಅವನ್ನು ಹಿಡಿದಿರುವ ಕ್ರಮವಿಧಿಗಳನ್ನೂ ತೋರಿಸುತ್ತದೆ. ಆ ಕ್ರಮವಿಧಿಯನ್ನು ಕ್ರಮವಾಗಿ ನಿಲ್ಲಿಸಿ ಮತ್ತೆ ಆರಂಭಿಸಿದರೆ ಜಾಗ ತೆರವಾಗುತ್ತದೆ. ನಮ್ಮ ಕಚೇರಿಯಲ್ಲಿ ಮಾಡಬೇಕಾದದ್ದೂ ಇದೇ: ತೂಕದ ಕ್ರಮವಿಧಿಯನ್ನು ನಿಲ್ಲಿಸುವುದು, ಹಳೆಯ ಮುದ್ರಣಯಂತ್ರದ ಹೆಸರನ್ನು ತೆಗೆಯುವುದು, ದಿನಚರಿಯನ್ನು ಅಳಿಸುವುದು, ಕ್ರಮವಿಧಿಯನ್ನು ಮರಳಿ ಆರಂಭಿಸುವುದು. ಹೊರಗಿನ ಮೊದಲ ಟ್ರ್ಯಾಕ್ಟರು ಇನ್ನು ಮುಂದೆ ಬರಬಹುದು.

ಇನ್ನೊಂದು ಎಚ್ಚರಿಕೆ. ಆಜ್ಞೆಯ ಉತ್ತರವನ್ನು ಕಡತದಲ್ಲಿ ಬರೆದಿಡಲು ‘>’ ಎಂಬ ಗುರುತನ್ನು ಬಳಸುತ್ತಾರೆ. ಒಂದೇ ಗುರುತು ಕಡತದ ಹಳೆಯ ಬರಹವನ್ನೆಲ್ಲ ಸದ್ದಿಲ್ಲದೆ ಒರಸಿ ಹೊಸದನ್ನು ಬರೆಯುತ್ತದೆ. ‘>>’ ಎಂಬ ಜೋಡಿ ಗುರುತು ಹಳೆಯದರ ಕೆಳಗೆ ಸೇರಿಸುತ್ತದೆ. ಲೆಕ್ಕದ ಕಡತಕ್ಕೆ ಬೇಕಾದದ್ದು ಎರಡನೆಯದು.

ಕನ್ನಡದ ಕಡತಗಳು

‘ಸಾಲಗುಂದ’ ಎಂಬ ಹೆಸರಿನಲ್ಲಿ ಎಷ್ಟು ಅಕ್ಷರಗಳಿವೆ? ಶಾಲೆಯ ಬಾಲಕನು ‘ಸಾ, ಲ, ಗುಂ, ದ: ನಾಲ್ಕು’ ಎನ್ನುವನು. ‘ಪ್ರಿಂಟ್‌ಎಫ್ ಸಾಲಗುಂದ | ಡಬ್ಲ್ಯುಸಿ -ಎಂ’ ಎಂದು ಕೇಳಿದರೆ ಯಂತ್ರ ೭ ಎನ್ನುತ್ತದೆ. ‘-ಎಂ’ಗೆ ಬದಲು ‘-ಸಿ’ ಎಂದರೆ ೨೧ ಎನ್ನುತ್ತದೆ. ಮೂರೂ ಸರಿಯೆ. ಯೂನಿಕೋಡ್ ಪದ್ಧತಿಯಲ್ಲಿ ದೀರ್ಘದ ಚಿಹ್ನೆ, ಉಕಾರದ ಕೊಂಬು, ಸೊನ್ನೆ ಇವುಗಳಿಗೂ ಪ್ರತ್ಯೇಕ ಸಂಕೇತಗಳಿರುವುದರಿಂದ ಏಳು. ‘ಯುಟಿಎಫ್-೮’ ಎಂಬ ಬರಹಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ೩ ಬೈಟು ಬೇಕಾದುದರಿಂದ ಇಪ್ಪತ್ತೊಂದು. ಈ ಬರಹಕ್ರಮವನ್ನು ೧೯೯೨ರಲ್ಲಿ ರೂಪಿಸಿದವರು ರಾಬ್ ಪೈಕ್ ಮತ್ತು ಮೇಲೆ ಹೇಳಿದ ಕೆನ್ ಥಾಮ್ಸನ್ ಅವರೇ.

ಇದರ ವ್ಯಾವಹಾರಿಕ ಪರಿಣಾಮಗಳೆರಡು. ಲಿನಕ್ಸಿನಲ್ಲಿ ಕಡತದ ಹೆಸರು ಸಾಮಾನ್ಯವಾಗಿ ೨೫೫ ಬೈಟುಗಳನ್ನು ಮೀರಕೂಡದು. ಎಂದರೆ ಕನ್ನಡದ ಹೆಸರಿಗೆ ೮೫ ಸಂಕೇತಗಳೇ ಮಿತಿ. ಎರಡನೆಯದು ಇನ್ನೂ ಮುಖ್ಯ. ‘ನುಡಿ’ಯಂಥ ತಂತ್ರಾಂಶಗಳ ಹಳೆಯ ಅಚ್ಚುಸಂಕೇತಗಳಲ್ಲಿ ಬರೆದ ಕಡತಗಳು ನಮ್ಮಲ್ಲಿ ಇನ್ನೂ ಹೇರಳವಾಗಿವೆ. ಕಣ್ಣಿಗೆ ಅವು ಕನ್ನಡವೇ. ಒಳಗಿನ ಸಂಕೇತಗಳು ಮಾತ್ರ ಯೂನಿಕೋಡಿನವಲ್ಲ. ಯೂನಿಕೋಡಿನಲ್ಲಿ ಬರೆದ ಹೆಸರನ್ನು ‘ಗ್ರೆಪ್’ನಿಂದ ಅಲ್ಲಿ ಹುಡುಕಿದರೆ ಒಂದು ಸಾಲೂ ಸಿಗದು. ಅಷ್ಟರಿಂದ ಆ ರೈತನ ಹೆಸರು ಲೆಕ್ಕದಲ್ಲಿಲ್ಲವೆಂದು ತೀರ್ಮಾನಿಸಿ ಕಡತವನ್ನು ಅಳಿಸಿದರೆ ಅದು ಅನ್ಯಾಯ. ಯಂತ್ರದ ಮೌನ ‘ಇಲ್ಲ’ ಎಂಬುದಕ್ಕೆ ಸಾಕ್ಷಿಯಲ್ಲ. ಮೂಲವನ್ನು ಹಾಗೆಯೇ ಇಟ್ಟುಕೊಂಡು, ಅದರ ಪ್ರತಿಯನ್ನು ಪರಿವರ್ತಕದಿಂದ ಯೂನಿಕೋಡಿಗೆ ತಿರುಗಿಸಿ, ಆಮೇಲೆ ಹುಡುಕಬೇಕು.

ಕಾಪುಪ್ರತಿ

ಎಷ್ಟು ಎಚ್ಚರದಿಂದಿದ್ದರೂ ಒಂದು ದಿನ ಕೈ ತಪ್ಪುತ್ತದೆ, ಇಲ್ಲವೆ ಡಿಸ್ಕು ಕೆಡುತ್ತದೆ. ಬಿತ್ತನೆಯ ಬೀಜವನ್ನು ಊಟದ ಭತ್ತದೊಡನೆ ಒಂದೇ ಕಣಜದಲ್ಲಿಡುವ ಒಕ್ಕಲಿಗನಿಲ್ಲ. ಲೆಕ್ಕದ ಪ್ರತಿಯೊಂದು ಬೇರೆ ಡಿಸ್ಕಿನಲ್ಲಿ, ಸಾಧ್ಯವಾದರೆ ಬೇರೆ ಊರಿನಲ್ಲಿ, ಇರಲೇಬೇಕು.

ಇದಕ್ಕೆ ‘ಆರ್‌ಸಿಂಕ್’ ಒಳ್ಳೆಯ ಸಾಧನ. ಬದಲಾದ ಕಡತಗಳನ್ನು ಮಾತ್ರ ಅದು ಸಾಗಿಸುತ್ತದೆ. ‘ಆರ್‌ಸಿಂಕ್ -ಎವಿಎನ್’ ಎಂದು ಬರೆದು ಮೂಲದ ಹೆಸರನ್ನೂ ಪ್ರತಿಯ ಹೆಸರನ್ನೂ ಕೊಡಿ. ಇಲ್ಲಿನ ‘ಎನ್’ ತಾಲೀಮಿನ ಗುರುತು: ಏನು ಮಾಡುವೆನೆಂದು ಹೇಳುತ್ತದೆ, ಏನನ್ನೂ ಮಾಡುವುದಿಲ್ಲ. ಪಟ್ಟಿ ಸರಿಯಿದ್ದರೆ ‘ಎನ್’ ಅನ್ನು ತೆಗೆದು ಮತ್ತೆ ಕೊಡಿ. ಮೂಲಕೋಶದ ಹೆಸರಿನ ಕೊನೆಯಲ್ಲಿ ಓರೆಗೆರೆಯಿದ್ದರೆ ಅದರ ಒಳಗಿನದಷ್ಟೂ ಹೋಗುತ್ತದೆ. ಇಲ್ಲದಿದ್ದರೆ ಕೋಶವೇ ಹೋಗಿ ಅಲ್ಲಿ ಒಳಕೋಶವಾಗಿ ಕೂಡುತ್ತದೆ. ಇದಕ್ಕೂ ಮುನ್ನ ‘ಡಿಎಫ್ -ಎಚ್’ನಿಂದ ಹೊರಡಿಸ್ಕು ನಿಜವಾಗಿ ಸೇರಿದೆಯೇ ಎಂದು ನೋಡಬೇಕು. ಅದು ಸೇರಿರದಿದ್ದರೆ ಪ್ರತಿಯು ಒಳಡಿಸ್ಕಿನಲ್ಲಿಯೇ ಬಿದ್ದು, ಇದ್ದ ಜಾಗವನ್ನೂ ತುಂಬೀತು.

ಪ್ರತಿಯು ಮೂಲದಂತೆಯೇ ಇದೆಯೆ? ‘ಶಾ೨೫೬ಸಮ್’ ಎಂಬ ಆಜ್ಞೆ ಯಾವ ಕಡತಕ್ಕಾದರೂ ೬೪ ಚಿಹ್ನೆಗಳ ಒಂದು ಮುದ್ರೆಯನ್ನು ಗಣಿಸಿ ಕೊಡುತ್ತದೆ. ಕಡತದಲ್ಲಿ ಒಂದು ಅಂಕಿ ಬದಲಾದರೂ ಮುದ್ರೆ ಪೂರ್ಣ ಬೇರೆಯಾಗುತ್ತದೆ. ಮೂಲದ ಮುದ್ರೆಗಳನ್ನು ಬರೆದಿಟ್ಟು, ಪ್ರತಿಯ ಮುಂದೆ ‘ಶಾ೨೫೬ಸಮ್ -ಸಿ’ ಎಂದು ತಾಳೆ ನೋಡಬಹುದು. ಆದರೆ ನಿಜವಾದ ಪರೀಕ್ಷೆ ಒಂದೇ: ತಿಂಗಳಿಗೊಮ್ಮೆ ಪ್ರತಿಯಿಂದ ಯಾವುದಾದರೊಂದು ದಿನದ ಲೆಕ್ಕವನ್ನು ಬೇರೆ ಕೋಶಕ್ಕೆ ಮರಳಿ ತಂದು ತೆರೆದು ಓದುವುದು. ಗಿಟ್‌ಲ್ಯಾಬಿನವರು ಕಲಿತ ಪಾಠ ಇದೇ.

ರಾತ್ರಿಯ ಹೊತ್ತು ತಾನಾಗಿಯೇ ಪ್ರತಿಯಾಗುವಂತೆ ವೇಳಾಪಟ್ಟಿ ಬರೆಯಲು ‘ಕ್ರಾನ್‌ಟ್ಯಾಬ್ -ಇ’ ಎಂಬ ಆಜ್ಞೆ ಇದೆ. ಕೀಲಿಮಣೆಯಲ್ಲಿ ‘ಇ’ ಮತ್ತು ‘ಆರ್’ ನೆರೆಹೊರೆಯ ಕೀಲಿಗಳು. ‘ಕ್ರಾನ್‌ಟ್ಯಾಬ್ -ಆರ್’ ಎಂದಾದರೆ ಇಡೀ ವೇಳಾಪಟ್ಟಿ, ಸಾಮಾನ್ಯವಾಗಿ ಒಂದು ಮಾತನ್ನೂ ಕೇಳದೆ, ಅಳಿದುಹೋಗುತ್ತದೆ. ಆದುದರಿಂದ ತಿದ್ದುವ ಮೊದಲು ‘ಕ್ರಾನ್‌ಟ್ಯಾಬ್ -ಎಲ್’ನಿಂದ ಪಟ್ಟಿಯನ್ನು ನೋಡಿ, ಹೊಸ ಹೆಸರಿನ ಕಡತವೊಂದರಲ್ಲಿ ಅದನ್ನು ಬರೆದಿಟ್ಟುಕೊಳ್ಳಬೇಕು.

ಇಲ್ಲಿ ಹೇಳಿದ ಆಜ್ಞೆಗಳನ್ನೆಲ್ಲ ಬಾಯಿಪಾಠ ಮಾಡಬೇಕಾಗಿಲ್ಲ. ಕೆಡಿಸಬಲ್ಲ ಪ್ರತಿಯೊಂದು ಆಜ್ಞೆಗೂ ತೋರಿಸಬಲ್ಲ ಒಂದು ಜೊತೆಗಾರನಿದ್ದಾನೆ ಎಂಬುದನ್ನು ನೆನಪಿಟ್ಟರೆ ಸಾಕು: ‘ಆರ್‌ಎಂ’ಗೆ ‘ಎಲ್‌ಎಸ್’, ‘-ಡಿಲೀಟ್’ಗೆ ಬರಿಯ ‘ಫೈಂಡ್’, ‘ಆರ್‌ಸಿಂಕ್’ಗೆ ಅದರದೇ ‘ಎನ್’, ‘-ಇ’ಗೆ ‘-ಎಲ್’. ಮೊದಲು ಜೊತೆಗಾರನನ್ನು ಕರೆಯಿರಿ. ಅವನ ಮಾತು ಕೇಳಲು ತಗಲುವ ಅರ್ಧ ನಿಮಿಷದಲ್ಲಿ ಟ್ರ್ಯಾಕ್ಟರಿನ ಭತ್ತ ಹಾಳಾಗುವುದಿಲ್ಲ. ಅಳಿದ ಲೆಕ್ಕವಾದರೋ ಮುಂದಿನ ಸುಗ್ಗಿಗೂ ಮರಳಿ ಬರುವುದಿಲ್ಲ.